ಅಡುಗೆಮನೆಯಲ್ಲಿ ಪಾಸಾದ ನರ್ಸು

ನರ್ಸಿಂಗ್ ಪರೀಕ್ಷೆಯಲ್ಲಿ ನಾನು ಮೂರು ಸಲ ಫೇಲಾದೆ. ಈಗ ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ; ಆಗ ಮಾತ್ರ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಫೇಲಾದವರನ್ನು ಸಮಾಧಾನ ಮಾಡಲು ಬರುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು. "ಮುಂದಿನ ಸಲ ಆಗುತ್ತೆ ಬಿಡು" ಎಂದು ಬೆನ್ನು ತಟ್ಟಿ ತಮ್ಮ ಪಾಡಿಗೆ ತಾವು ಊಟಕ್ಕೆ ಹೋಗುತ್ತಾರೆ. ಆ ಮುಂದಿನ ಸಲ ಬರುವವರೆಗೆ ಇಡೀ ಒಂದು ವರ್ಷ ತಲೆ ತಗ್ಗಿಸಿಕೊಂಡು ಓಡಾಡಬೇಕಾದವರು ನಾವು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಯಶವಂತಪುರ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಬರುವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸಿ ಕೊಡುವ ಕೆಲಸ. ಸ್ಟೇಷನ್ನಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಮೂರೇ ಜನ, ನಾನೊಬ್ಬಳೇ ಮಗಳು. ಅಪ್ಪ ರಿಟೈರಾದರೆ ಆ ಕ್ವಾರ್ಟರ್ಸ್ ಬಿಡಬೇಕು. ಬಿಟ್ಟು ಹೋಗಲು ಎಲ್ಲೂ ಒಂದು ಸ್ವಂತ ಗೋಡೆ ಇರಲಿಲ್ಲ.

ಅಪ್ಪ ನನ್ನನ್ನು ನರ್ಸಿಂಗಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಸೇವೆ ಗೀವೆ ಎಂಬ ದೊಡ್ಡ ಮಾತು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಯಲಹಂಕದ ದಾರಿಯಲ್ಲಿ ಆಗ ಒಂದು ಆಸ್ಪತ್ರೆಯಿತ್ತು; ಈಗ ಅದರ ಕಟ್ಟಡವೂ ಉಳಿದಿಲ್ಲ. ಅಲ್ಲಿ ಪಾಸಾದ ಸ್ಟಾಫ್ ನರ್ಸುಗಳಿಗೆ ಕಾಂಪೌಂಡಿನ ಹಿಂದೆ ಎರಡು ಕೋಣೆಯ ಮನೆ ಕೊಡುತ್ತಿದ್ದರು. ತಂದೆ ತಾಯಿಯನ್ನು ಜೊತೆಗೆ ಇಟ್ಟುಕೊಳ್ಳಬಹುದಿತ್ತು. ಈ ಸುದ್ದಿ ಯಾರಿಂದಲೋ ಅಪ್ಪನ ಕಿವಿಗೆ ಬಿದ್ದದ್ದೇ ತಡ, ನನ್ನ ಹಣೆಬರಹ ನಿರ್ಧಾರವಾಯಿತು. ಕಂಡವರ ಮೈ ಮುಟ್ಟುವ ಕೆಲಸಕ್ಕೆ ಹೆಣ್ಣುಮಗಳನ್ನು ಕಳಿಸುತ್ತೀಯಾ ಎಂದು ಸೋದರತ್ತೆ ಮನೆಗೆ ಬಂದು ಕೂಗಾಡಿದರು. ಅಪ್ಪ ಅವರೊಂದಿಗೆ ಮಾತು ಬಿಟ್ಟರು. ನನ್ನ ಪರೀಕ್ಷೆಗಾಗಿ ಅಪ್ಪ ಇದ್ದ ಒಬ್ಬಳೇ ಅಕ್ಕನನ್ನು ಕಳೆದುಕೊಂಡಿದ್ದಾರೆ ಎಂಬುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಮೊದಲೆರಡು ಸಲ ಫೇಲಾದದ್ದು ಬರವಣಿಗೆಯಲ್ಲಿ. ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರವೂ ಇಂಗ್ಲಿಷಿನಲ್ಲಿ. ನಾನು ಕನ್ನಡ ಶಾಲೆಯಲ್ಲಿ ಓದಿದವಳು. ರಜೆಯ ದಿನ ಮನೆಗೆ ಬಂದರೆ ಸ್ಟೇಷನ್ನಿನ ಕೊನೆಯ ಬೆಂಚಿನ ಮೇಲೆ ಕೂತು ಪುಟಗಟ್ಟಲೆ ಉರು ಹೊಡೆಯುತ್ತಿದ್ದೆ. ಗೂಡ್ಸ್ ಗಾಡಿಯ ಡಬ್ಬಿಗಳು ಡಿಕ್ಕಿ ಹೊಡೆಯುವ ಸದ್ದಿಗೆ ಒಂದು ಸಾಲು ತಪ್ಪಿದರೆ ಮುಗಿಯಿತು, ಮತ್ತೆ ಮೊದಲಿಂದ ಶುರು. ಪರೀಕ್ಷೆಯಲ್ಲಿ ಹಾಗೇ ಆಯಿತು. ಮಧ್ಯದ ಒಂದು ವಾಕ್ಯ ಮರೆತು, ಮುಂದಿನದೆಲ್ಲ ಅದರ ಹಿಂದೆಯೇ ಹೋಯಿತು.

ಫೇಲಾದವಳಿಗೆ ಹಾಸ್ಟೆಲಿನಲ್ಲಿ ಆಗುತ್ತಿದ್ದ ಶಾಸ್ತಿ ಬೇರೆ. ಅಲ್ಲಿ ಹಿರಿಯಳು ಬಂದರೆ ಕಿರಿಯಳು ಎದ್ದು ನಿಲ್ಲಬೇಕು, ಬಾಗಿಲು ತೆಗೆದು ಹಿಡಿಯಬೇಕು, ಕಾರಿಡಾರಿನಲ್ಲಿ ಅವಳ ಹಿಂದೆ ನಡೆಯಬೇಕು. ಊಟದ ಹಾಲಿನಲ್ಲಿ ಪಾಸಾದವರದು ಕಿಟಕಿ ಪಕ್ಕದ ಮೇಜು, ಉಳಿದವರದು ಬಾಗಿಲ ಪಕ್ಕದ ಉದ್ದನೆಯ ಮೇಜು. ಮೊದಲ ವರ್ಷ ನನ್ನ ಜೊತೆಯವರು ಕಿಟಕಿಯ ಮೇಜಿಗೆ ಹೋದರು. ಎರಡನೇ ವರ್ಷ, ನಾನೇ ಥರ್ಮಾಮೀಟರ್ ಹಿಡಿಯಲು ಹೇಳಿಕೊಟ್ಟ ಹುಡುಗಿಯರು ಎದ್ದು ಹೋದರು. ಅವರು ಪಾಪದವರು, ನನ್ನ ಮುಖ ನೋಡಲು ಸಂಕೋಚಪಡುತ್ತಿದ್ದರು. ಅವರ ಸಂಕೋಚ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಗಿಲು ತೆಗೆದು ಹಿಡಿದಾಗ "ಅಯ್ಯೋ, ನೀವ್ಯಾಕೆ ಅಕ್ಕ" ಅನ್ನುತ್ತಿದ್ದರು. ಅನ್ನದೆ ಸುಮ್ಮನೆ ಹೋಗಿದ್ದರೆ ವಾಸಿಯಿತ್ತು.

ಮೂರನೇ ಸಲ ಬರವಣಿಗೆ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಪ್ರಾಕ್ಟಿಕಲ್. ಅದೂ ಯಾರೂ ಕೆಡಿಸಿಕೊಳ್ಳದ ರೀತಿಯಲ್ಲಿ.

ನಮ್ಮ ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಟ್ಟೆಗೆ ಸದಾ ಬರ. ಗಾಯ ಕಟ್ಟಿದ ಪಟ್ಟಿಯಲ್ಲಿ ಕೀವು ತಾಗದ ಮೇಲಿನ ಸುತ್ತುಗಳನ್ನು ಬಿಚ್ಚುವಾಗಲೇ ಕತ್ತರಿಸಿ, ಸುರುಳಿ ಮಾಡಿ ಏಪ್ರನ್ ಜೇಬಿಗೆ ಹಾಕಿಕೊಳ್ಳುವುದು ನಮ್ಮ ವಾರ್ಡಿನ ಪದ್ಧತಿ. ಮಧ್ಯಾಹ್ನ ಅವನ್ನೆಲ್ಲ ಒಗೆದು, ಹಂಡೆಯಲ್ಲಿ ಕುದಿಸಿ, ಹಗ್ಗದ ಮೇಲೆ ಒಣಗಿಸಿ, ಸಂಜೆ ಜಗಲಿಯಲ್ಲಿ ಕೂತು ಬಿಗಿಯಾಗಿ ಸುತ್ತಿಡುವುದು. ಎಸೆದವರಿಗೆ ಮೇಟ್ರನ್ ಕೈಯಲ್ಲಿ ಮಂಗಳಾರತಿ. ಪುಸ್ತಕದಲ್ಲಿ ಮಾತ್ರ ಬಳಸಿದ್ದೆಲ್ಲ ನೇರ ಮುಚ್ಚಳದ ಬಕೆಟ್ಟಿಗೆ ಹೋಗಬೇಕು. ಹೊಸ ಹುಡುಗಿಯರು ಪುಸ್ತಕ ಓದಿಕೊಂಡು ಪರೀಕ್ಷೆಗೆ ಬರುತ್ತಿದ್ದರು. ನಾನಾದರೋ ಫೇಲಾದ ತಪ್ಪಿಗೆ ಎರಡು ವರ್ಷ ಪೂರಾ ವಾರ್ಡಿನಲ್ಲಿ ದುಡಿದವಳು. ಕೆಲಸ ಕಲಿತಷ್ಟೂ ನನ್ನ ಕೈ ಪುಸ್ತಕವನ್ನು ಮರೆಯುತ್ತಿತ್ತು. ಇದು ನನಗೆ ಹೊಳೆದಿರಲಿಲ್ಲ.

ಪರೀಕ್ಷೆಯ ದಿನ ನನ್ನ ಪಾಲಿಗೆ ಬಂದದ್ದು ಹೆಬ್ಬಾಳದ ಕಡೆಯ ಒಬ್ಬ ಹೊಲಗೆಲಸದ ಹೆಂಗಸು, ಕಾಲಿನಲ್ಲಿ ಮಾಯದ ಹುಣ್ಣು. ದಿನಾ ಬೆಳಿಗ್ಗೆ ಆಕೆಯ ಗಾಯ ಕಟ್ಟುತ್ತಿದ್ದವಳು ನಾನೇ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಒಂದು ಪಕ್ಕ, ಮೇಟ್ರನ್ ಇನ್ನೊಂದು ಪಕ್ಕ ನಿಂತರು. ನನ್ನ ಬೆರಳು ನಡುಗುವುದನ್ನು ಕಂಡು ಆ ಹೆಂಗಸು, "ಯಾಕವ್ವ ಇಂಗ್ ನಡುಗ್ತೀಯ, ದಿನಾ ಮಾಡಾಕಿಲ್ವಾ ನೀನು?" ಎಂದಳು. ಅವಳ ಮಾತಿಗೆ ಧೈರ್ಯ ಬಂತು. ಕೈ ತನ್ನ ದಾರಿ ಹಿಡಿಯಿತು. ಗಾಯ ತೊಳೆದೆ, ಔಷಧಿ ಹಾಕಿದೆ, ಹೊಸ ಪಟ್ಟಿ ಸುಕ್ಕಿಲ್ಲದೆ ಕಟ್ಟಿದೆ. ಪರೀಕ್ಷಕಿ ತಲೆಯಾಡಿಸಿದ್ದನ್ನೂ ಕಂಡೆ.

"ಜೇಬಿಗೆ ಏನು ಹಾಕಿಕೊಂಡೆ?" ಎಂದರು ಆಕೆ.

ನಾನು ಏನೂ ಹಾಕಿಕೊಂಡಿಲ್ಲ ಎಂದೇ ತಿಳಿದಿದ್ದೆ. ಜೇಬಿಗೆ ಕೈ ಹಾಕಿದರೆ ಸುರುಳಿ ಸುತ್ತಿದ ಹಳೆಯ ಪಟ್ಟಿ ಬೆರಳಿಗೆ ಸಿಕ್ಕಿತು. ಅದನ್ನು ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನಿಂತೆ. ಯಾವಾಗ ಕತ್ತರಿಸಿದೆ, ಯಾವಾಗ ಸುತ್ತಿದೆ, ದೇವರಾಣೆಗೂ ನನಗೆ ನೆನಪಿರಲಿಲ್ಲ.

"ಇದನ್ನ ಇಟ್ಕೊಂಡು ಮುಂದಿನ ಹಾಸಿಗೆಗೆ ಹೋಗ್ತೀಯಾ?"

ನಾನು ಬಾಯಿ ಬಿಡುವ ಮುಂಚೆ ಹಾಸಿಗೆಯ ಮೇಲಿದ್ದ ಹೆಂಗಸು ನನ್ನ ಪರ ವಹಿಸಿದಳು. "ಬಿಸಾಕಾಕಿಲ್ಲ ಕಣ್ ತಾಯಿ ಇವ್ರು. ಒಗ್ದು ಒಗ್ದು ಕಟ್ತಾರೆ. ನಂಗೂ ಅಂಗೇ ಕಟ್ಟಿರಾದು."

ಮೇಟ್ರನ್ ಮುಖ ಕೆಂಪಗಾಯಿತು. ಅವರ ಅಪ್ಪಣೆಯಂತೆ ನಾನು ಸಾವಿರ ಸಲ ಮಾಡಿದ ಕೆಲಸ ಅದು. ಅವರು ಒಂದು ಮಾತು ಆಡಬಹುದಿತ್ತು. ಕಿಟಕಿಯ ಕಡೆ ನೋಡುತ್ತ ನಿಂತರು. ಫಲಿತಾಂಶ ಬರುವ ಮೊದಲೇ ನನಗೆ ಫಲಿತಾಂಶ ಗೊತ್ತಾಗಿತ್ತು.

ಫಲಿತಾಂಶದ ದಿನ ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದು ಮನೆಗೆ ಬಂದೆ. ಅಪ್ಪ ಡ್ಯೂಟಿಯಲ್ಲಿದ್ದರು. ಅಡುಗೆಮನೆಯಲ್ಲಿ ಅಮ್ಮನ ಮುಂದೆ ಕುಕ್ಕರಿಸಿಕೊಂಡು ಅತ್ತುಬಿಟ್ಟೆ. ಅಮ್ಮ ಸಮಾಧಾನ ಹೇಳಲಿಲ್ಲ. ಅವಳಿಗೆ ಆ ಬುದ್ಧಿಯಾದರೂ ಇತ್ತು. ಅಷ್ಟರಲ್ಲಿ ಅಪ್ಪ ಬಂದೇ ಬಿಟ್ಟರು. ನಾನು ಪ್ಲಾಟ್‌ಫಾರ್ಮಿನಲ್ಲಿ ಇಳಿದದ್ದನ್ನು ಯಾರೋ ಹೇಳಿರಬೇಕು, ಡ್ಯೂಟಿಯ ಮಧ್ಯೆಯೇ ಓಡಿಬಂದಿದ್ದರು. ಎಣ್ಣೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಏನಾಯಿತು ಎಂದು ಕೇಳಲೂ ಆಗದೆ ಹಾಗೇ ನನ್ನನ್ನು ನೋಡುತ್ತಿದ್ದರು. ಹಿಂದಿನ ಎರಡು ಸಲವೂ ಈ ಮನುಷ್ಯ ಸುದ್ದಿ ಕೇಳಿ ದಿನಗಟ್ಟಲೆ ಸರಿಯಾಗಿ ಉಂಡಿರಲಿಲ್ಲ.

ಅಮ್ಮ ಇದ್ದಕ್ಕಿದ್ದಂತೆ, "ಪಾಸಾಗಿದ್ದಾಳೆ ರೀ. ಸಂತೋಷಕ್ಕೆ ಅಳ್ತಾ ಇದಾಳೆ" ಎಂದುಬಿಟ್ಟಳು.

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಿಜಾನೇನಮ್ಮ?" ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅದನ್ನೇ ಅವರು ಹೌದು ಎಂದು ತಿಳಿದರು. ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಹಾಗೇ ತಿರುಗಿ ಹೊರಗೆ ಹೋದರು. ಆಮೇಲೆ ತಿಳಿದದ್ದು: ಮಾರ್ಕೆಟ್ಟಿನ ಕಡೆಯ ಮಿಠಾಯಿ ಅಂಗಡಿಗೆ ಹೋಗಿ ಬೂಂದಿ ಕಟ್ಟಿಸಿಕೊಂಡು, ಸಿಗ್ನಲ್ ಕ್ಯಾಬಿನ್ನಿಂದ ಹಿಡಿದು ಗೇಟಿನವರೆಗೆ, ಹಮಾಲಿಗಳನ್ನೂ ಬಿಡದೆ ಹಂಚಿದ್ದರು. ಕೊನೆಗೆ ಸೋದರತ್ತೆಯ ಮನೆಗೂ ಹೋಗಿ ಕೊಟ್ಟು ಬಂದರು. ವರ್ಷಗಳಿಂದ ಬಿಟ್ಟಿದ್ದ ಮಾತನ್ನು ಅವತ್ತು ತಾವೇ ಆಡಿದರಂತೆ.

ನಾನು ಅಮ್ಮನ ಮೇಲೆ ಹಾರಾಡಿದೆ. ಹಾರಾಡಿದ್ದೂ ಪಿಸುಮಾತಿನಲ್ಲಿ, ಗೋಡೆಯಾಚೆ ಪಕ್ಕದ ಮನೆಯವರಿದ್ದರು.

"ಏನ್ ಮಾಡ್ದೆ ಅಂತ ಗೊತ್ತಾ ನಿಂಗೆ?"

"ಗೊತ್ತು ಕಣೇ. ಇನ್ನೇನು ರಿಟೈರಾಗ್ತಾರೆ. ಇದ್ದಷ್ಟು ದಿನ ಆ ಜನರ ಮುಂದೆ ತಲೆ ಎತ್ಕೊಂಡು ಇರಲಿ."

"ಆಮೇಲೆ?"

"ಅಷ್ಟೊತ್ತಿಗೆ ನೀನು ಪಾಸಾಗು. ಅದೇನ್ ನನ್ ಕೈಲಿದ್ಯಾ?"

ಅವಳನ್ನು ಏನೆಂದು ಬೈಯುವುದು? ಅದು ಅವಳ ಕೈಯಲ್ಲಿ ಇಲ್ಲ ಎಂಬುದು ನಿಜವೇ ಆಗಿತ್ತು.

ಆ ವರ್ಷ ನಾನು ಎರಡು ಹೆಂಗಸರಾಗಿ ಬದುಕಿದೆ. ಆಸ್ಪತ್ರೆಯಲ್ಲಿ ಬಾಗಿಲ ಪಕ್ಕದ ಮೇಜಿನವಳು, ಯಶವಂತಪುರದಲ್ಲಿ ಸಿಸ್ಟರಮ್ಮ. ರಜೆಗೆ ಬಂದರೆ ರೈಲ್ವೆ ಲೈನಿನವರೆಲ್ಲ ಕೆಮ್ಮು, ಕುರು, ಮಕ್ಕಳ ಜ್ವರ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಅಪ್ಪ ಪಕ್ಕದಲ್ಲೇ ಕೂತು, ನಾನು ನಾಡಿ ಹಿಡಿಯುವುದನ್ನು ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಕಂಡರೆ ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಮನೆಗೆ ಬರುವುದನ್ನೇ ಕಡಿಮೆ ಮಾಡಿದೆ.

ಅಪ್ಪ ರಿಟೈರಾದರು. ಕ್ವಾರ್ಟರ್ಸ್ ಬಿಟ್ಟು, ಅಲ್ಲೇ ಯಶವಂತಪುರದ ಒಂದು ವಠಾರದಲ್ಲಿ ಒಂಟಿ ಕೋಣೆ ಹಿಡಿದರು. ಆಸ್ಪತ್ರೆಯ ಮನೆ ಇನ್ನೂ ಖಾಲಿಯಾಗಿಲ್ಲ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ಅಪ್ಪ ಗಂಟುಮೂಟೆ ಬಿಚ್ಚಲು ಬಿಡಲಿಲ್ಲ. "ಇವತ್ತೋ ನಾಳೆಯೋ ಹೋಗೋರು, ಯಾಕೆ ಎರಡೆರಡು ಕೆಲಸ" ಎನ್ನುತ್ತಿದ್ದರು. ಹಿತ್ತಾಳೆ ಪಾತ್ರೆಗಳೆಲ್ಲ ಗೋಣಿಚೀಲದಲ್ಲೇ ಉಳಿದವು. ಅಮ್ಮ ತಿಂಗಳುಗಟ್ಟಲೆ ಎರಡೇ ಪಾತ್ರೆಯಲ್ಲಿ ಅಡುಗೆ ಮಾಡಿದಳು. ಮಲಗಲು ಜಾಗವಿಲ್ಲದೆ ಅಪ್ಪ ಗೋಣಿಚೀಲಗಳಿಗೆ ಒರಗಿಕೊಂಡೇ ನಿದ್ದೆ ಹೋಗುತ್ತಿದ್ದರು. ನಾನು ರಜೆಗೆ ಬಂದರೆ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಮನೆ ಖಾಲಿಯಾಯಿತೇ ಎಂದು.

ಕೊನೆಗೆ ಅವರ ತಾಳ್ಮೆ ಕೆಟ್ಟಿತು. ಒಂದು ಬೆಳಿಗ್ಗೆ ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ ಅಪ್ಪ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರು. ರಿಟೈರಾದಾಗ ತಂದುಕೊಂಡಿದ್ದ ರೈಲ್ವೆಯ ಕರಿ ಕೋಟು, ಕೈಯಲ್ಲಿ ಕೊಡೆ. ನಾನು ಹಾಕಿದ್ದದ್ದು ವಿದ್ಯಾರ್ಥಿಗಳ ನೀಲಿ ಚೌಕುಳಿ ಬಟ್ಟೆ. ಪಾಸಾದವರದು ಬಿಳಿ. ಪುಣ್ಯಕ್ಕೆ ಅಪ್ಪನಿಗೆ ಆ ಭೇದ ತಿಳಿಯದು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ ಕಣಮ್ಮ ಬಟ್ಟೆ" ಎಂದರು.

ಅದೇ ಹೊತ್ತಿಗೆ ಬಿಳಿ ಬಟ್ಟೆಯ ಒಬ್ಬ ಹುಡುಗಿ ಬಂದಳು. ನಾನು ಸರಿದು ಬಾಗಿಲು ತೆಗೆದು ಹಿಡಿದೆ. ಅವಳು ನನ್ನನ್ನೂ ಅಪ್ಪನನ್ನೂ ನೋಡಿ, ಕಣ್ಣು ತಗ್ಗಿಸಿ ಒಳಗೆ ಹೋದಳು.

"ಯಾರದು? ನೀನ್ಯಾಕೆ ಬಾಗಿಲು ತೆಗೀಬೇಕು?"

"ನನಗಿಂತ ಸೀನಿಯರ್ ಅಪ್ಪ."

"ಅಷ್ಟು ಚಿಕ್ಕೋಳಾ?"

ಅಪ್ಪ ಮೇಟ್ರನ್ ಕೋಣೆ ಎಲ್ಲಿ ಎಂದು ಕೇಳಿದರು. ಬೇಡ ಎಂದು ಗೋಗರೆದೆ. ಅವರು ಕೇಳಲಿಲ್ಲ, ತಾವೇ ಹುಡುಕಿಕೊಂಡು ಹೋದರು. ನಾನು ಹಿಂದೆಯೇ ಓಡಿ ಬಾಗಿಲಲ್ಲಿ ನಿಂತೆ. ಅಪ್ಪ ಕೈಮುಗಿದು ನಿಂತೇ ಮಾತಾಡಿದರು.

"ಅಮ್ಮಾ, ನನ್ನ ಮಗಳು ನಿಮ್ಮಲ್ಲಿ ಸ್ಟಾಫ್ ನರ್ಸು. ಪಾಸಾಗಿ ಇಷ್ಟು ತಿಂಗಳಾಯ್ತು. ಮನೆ ಕೊಡ್ತೀವಿ ಅಂದಿದ್ರಂತೆ. ನಾವು ಮುದುಕ ಮುದುಕಿ ಒಂದು ಗೂಡಲ್ಲಿ ಬಿದ್ದಿದೀವಿ. ದೊಡ್ಡ ಮನಸ್ಸು ಮಾಡ್ಬೇಕು."

ಮೇಟ್ರನ್ ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. ಅಪ್ಪನನ್ನು ನೋಡಿದರು. ಅವರ ಭುಜದ ಮೇಲಿಂದ ನನ್ನನ್ನು ನೋಡಿದರು. ಒಂದು ಮಾತು ಅವರ ಬಾಯಿಂದ ಬಂದರೆ ನನ್ನ ಅಪ್ಪ ಅಲ್ಲೇ, ಆ ಹೆಂಗಸಿನ ಕಾಲ ಬುಡದಲ್ಲೇ ಮುಗಿದುಹೋಗುತ್ತಿದ್ದರು.

"ಮನೆ ಇನ್ನೂ ಖಾಲಿ ಆಗಿಲ್ಲ" ಎಂದರು ಮೇಟ್ರನ್, ತಡೆತಡೆದು ಬರುವ ತಮ್ಮ ಕನ್ನಡದಲ್ಲಿ. "ಖಾಲಿ ಆದ ಕೂಡಲೇ ಕೊಡ್ತೇವೆ. ನೀವು ಕೂತ್ಕೊಳ್ಳಿ, ಕಾಫಿ ಕುಡೀರಿ."

ಅಪ್ಪ ಕೂರಲಿಲ್ಲ. ಮತ್ತೆ ಕೈಮುಗಿದು ಹೊರಟರು. ಅವರನ್ನು ಗೇಟಿನವರೆಗೆ ಬಿಟ್ಟು ಬಂದಾಗ ಮೇಟ್ರನ್ ಕರೆಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. "ನಾಳೆಯಿಂದ ನಿನಗೆ ವಾರ್ಡ್ ಇಲ್ಲ" ಎಂದರು. "ಕ್ಲಾಸ್ ರೂಮಿನಲ್ಲಿ ಬೊಂಬೆ ಇದೆ. ಪರೀಕ್ಷೆವರೆಗೆ ಅದರ ಜೊತೆ ಇರು." ಆ ದಿನ ಪರೀಕ್ಷಕಿಯ ಮುಂದೆ ಸುಮ್ಮನಿದ್ದುದಕ್ಕೆ ಇದು ಅವರು ಕೊಟ್ಟ ಪರಿಹಾರವೋ, ಅಪ್ಪನ ಕೋಟು ನೋಡಿ ಮನಸ್ಸು ಕರಗಿತೋ, ನನಗೆ ಗೊತ್ತಿಲ್ಲ. ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಅವರ ಕರುಣೆಯೂ ನನ್ನ ಮೇಲೆ ಹೊರೆಯಾಗಿಯೇ ಕೂತಿತು.

ಹೊಟ್ಟು ತುಂಬಿದ ಆ ಬೊಂಬೆಯೊಂದಿಗೆ ತಿಂಗಳುಗಳನ್ನು ಕಳೆದೆ. ಅದಕ್ಕೆ ಸ್ನಾನ ಮಾಡಿಸಿದೆ, ಮಗ್ಗುಲು ತಿರುಗಿಸಿದೆ, ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಿ ಬಿಚ್ಚಿ ಕಟ್ಟಿದೆ. ಅದು ನರಳುವುದಿಲ್ಲ, ಯಾಕವ್ವ ಎಂದು ಕೇಳುವುದಿಲ್ಲ. ವಾರ್ಡಿನಲ್ಲಿ ಎಷ್ಟು ದಣಿದರೂ ಬಾರದ ಅಳು ಆ ಖಾಲಿ ಕೋಣೆಯಲ್ಲಿ ಬರುತ್ತಿತ್ತು. ನನ್ನ ಕೈ ಮಾತ್ರ ಹಟ ಬಿಡಲಿಲ್ಲ. ಪಟ್ಟಿ ಬಿಚ್ಚಿದರೆ ಸಾಕು, ಸುರುಳಿ ಮಾಡಿ ಜೇಬಿಗೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ನನ್ನ ಏಪ್ರನ್ ಈಸಿಕೊಂಡು, ಸೂಜಿ ದಾರ ತಂದು, ಜೇಬಿನ ಬಾಯಿ ಹೊಲಿದುಬಿಟ್ಟಳು.

"ಈಗ ಎಲ್ಲಿ ಹಾಕ್ತೀಯೋ ಹಾಕು, ನೋಡೋಣ" ಎಂದಳು.

ನಾಲ್ಕನೇ ಸಲದ ಪ್ರಾಕ್ಟಿಕಲ್‌ನಲ್ಲಿ ಬಂದದ್ದು ತೋಳು ಸುಟ್ಟುಕೊಂಡಿದ್ದ, ಮನೆಯಲ್ಲಿ ದಖ್ಖನಿ ಮಾತಾಡುವ ಒಬ್ಬ ಹೆಂಗಸು. ಆಕೆಗೆ ನಾನು ಹೊಸಬಳು, ನನಗೆ ಆಕೆ ಹೊಸಬಳು. ಪಟ್ಟಿ ಬಿಚ್ಚಿದೆ. ಕೈ ಸುರುಳಿ ಮಾಡಿತು. ಜೇಬಿನ ಹತ್ತಿರ ಹೋಗಿ ಹೊಲಿಗೆಗೆ ತಾಗಿ ನಿಂತಿತು. ಎಚ್ಚೆತ್ತುಕೊಂಡು ಬಕೆಟ್ಟಿಗೆ ಹಾಕಿದೆ. ಪರೀಕ್ಷಕರು ಕತ್ತೆತ್ತಿ ಸಹ ನೋಡಲಿಲ್ಲ. ಇಷ್ಟೇ ಆಗಿತ್ತು ಪಾಸಾಗುವುದೆಂದರೆ.

ಫಲಿತಾಂಶವನ್ನು ಮೇಟ್ರನ್ ಊಟದ ಹಾಲಿನಲ್ಲಿ ಓದಿದರು. ನನ್ನ ಹೆಸರು ಬಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಬೇರೆಯವರಿಗಿಂತ ಸ್ವಲ್ಪ ಜೋರಾಗಿಯೇ. ಎದ್ದು ಕಿಟಕಿಯ ಮೇಜಿಗೆ ಹೋದೆ. ಅಲ್ಲಿ ನನ್ನ ಜೊತೆಯವರು ಯಾರೂ ಇರಲಿಲ್ಲ; ಮದುವೆಯಾಗಿಯೋ ಬೇರೆ ಊರಿನ ಕೆಲಸ ಸಿಕ್ಕಿಯೋ ಎಲ್ಲ ಹೋಗಿಯಾಗಿತ್ತು. ಮನೆಗೆ ಹೋಗಬೇಕು ಅನ್ನಿಸಿತು. ನಾನು ಕೇಳದೆಯೇ ಮೇಟ್ರನ್ ರಜೆ ಕೊಟ್ಟು, ಕ್ವಾರ್ಟರ್ಸ್ ಮುಂದಿನ ತಿಂಗಳು ಸಿಗುತ್ತದೆ ಎಂದೂ ಹೇಳಿದರು.

ರೈಲಿನಲ್ಲಿ ಕೂತಾಗ ಒಂದು ಕ್ಷಣ ಎಲ್ಲ ಮರೆತೇಹೋಯಿತು. ಅಪ್ಪನಿಗೆ ಹೇಗೆ ಹೇಳಲಿ, ಏನೆಂದು ಹೇಳಲಿ ಎಂದು ಯೋಚಿಸುತ್ತ ನನ್ನಷ್ಟಕ್ಕೆ ನಗುತ್ತಿದ್ದೆ. ಹೆಬ್ಬಾಳ ದಾಟುವ ಹೊತ್ತಿಗೆ ನೆನಪಾಯಿತು, ಅವರಿಗೆ ಹೇಳುವಂತಿಲ್ಲ.

ಅಪ್ಪ ವಠಾರದ ಜಗಲಿಯಲ್ಲಿ ಪೇಪರು ಓದುತ್ತಿದ್ದರು. "ಏನಮ್ಮ, ಇವತ್ತು ರಜಾನಾ?" ಎಂದರು. ಹೂಂ ಎಂದು ಒಳಗೆ ಹೋದೆ. ಅಮ್ಮ ಮುದ್ದೆ ತಿರುವುತ್ತಿದ್ದಳು. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಅವಳ ಕೈಯ ಕೋಲು ಹಾಗೇ ನಿಂತಿತು. ನನ್ನಿಂದ ಯಾವ ಸದ್ದು ಹೊರಡುವುದರಲ್ಲಿತ್ತೋ, ನಗುವೋ ಅಳುವೋ, ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಮೆಲ್ಲಗೆ. ಅಲ್ಲೇ ಕೂತಿದ್ದಾರೆ."

ಹಾಗೇ ಬಾಯಿ ಮುಚ್ಚಿ ಹಿಡಿದುಕೊಂಡು ಇಬ್ಬರೂ ಅತ್ತೆವು. ಆಮೇಲೆ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ನನ್ನ ಬಾಯಿಗಿಟ್ಟಳು. ಮುದ್ದೆ ಸೀದ ವಾಸನೆ ಬಂದು, ಮತ್ತೆ ಒಲೆಯ ಕಡೆ ತಿರುಗಿದಳು.

ಊಟಕ್ಕೆ ಕೂತಾಗ ಹೇಳಿದೆ, "ಕ್ವಾರ್ಟರ್ಸ್ ಕೊಡ್ತಾರಂತೆ ಅಪ್ಪ, ಮುಂದಿನ ತಿಂಗಳು."

ಅಪ್ಪ ಮುದ್ದೆ ಮುರಿಯುತ್ತಿದ್ದವರು ತಲೆಯೆತ್ತಿದರು. ಈಗಲಾದರೂ ಆ ಮುಖ ಅರಳುತ್ತದೆ ಎಂದು ನೋಡುತ್ತಿದ್ದೆ. ಒಂದು ಸಲ, ಆ ಅಡುಗೆಮನೆಯ ಬಾಗಿಲಲ್ಲಿ ಪಾಸಾದಳೆಂದು ಕೇಳಿ ನೋಡಿದ್ದ ಹಾಗೆ ನನ್ನನ್ನು ನೋಡಲಿ ಎಂದು ನನಗೆ ತುಂಬ ಆಸೆಯಾಗಿತ್ತು.

"ಈಗ ಬುದ್ಧಿ ಬಂತಾ ಆ ಜನಕ್ಕೆ?" ಎಂದರು ಅಪ್ಪ. "ಪಾಸಾದೋಳನ್ನ ಒಂದು ವರ್ಷ ಕಾಯ್ಸೋದಾ? ನ್ಯಾಯಾನಾ ಇದು?"

ಊಟ ಮುಗಿಯುವವರೆಗೂ ಅವರು ಆಸ್ಪತ್ರೆಯವರನ್ನು ಬೈದರು. ನಾನು ಅವರ ತಟ್ಟೆಗೆ ಸಾರು ಬಡಿಸಿ, ಹೌದಪ್ಪ ಎಂದೆ.